‘ಸಾಕು, ಇಳಿಯೋಣ’ ಎನ್ನುವವರು ಯಾರು?

1820ರ ಆಗಸ್ಟ್‌ನಲ್ಲಿ ಹಾಮೆಲ್ ಎಂಬ ರಷ್ಯಾದ ವಿಜ್ಞಾನಿ ಮಾಂಟ್ ಬ್ಲಾಂಕ್ ಹತ್ತಲು ಹೊರಟ. ದಾರಿಯಲ್ಲಿ ಹೊಸ ಹಿಮ ಬಿದ್ದಿತ್ತು. ಶಾಮೊನಿ ಊರಿನ ಮಾರ್ಗದರ್ಶಕರು ಹಿಂಜರಿದರೂ ದುಡ್ಡು ಕೊಟ್ಟವರು ಬಿಡಲಿಲ್ಲವೆಂಬುದು ಅಲ್ಲಿ ಹೇಳಿಕೊಂಡು ಬಂದ ಮಾತು. ಹಿಮ ಕುಸಿದು ಮೂವರು ಮಾರ್ಗದರ್ಶಕರು ಸತ್ತರು. ಕರೆದುಕೊಂಡು ಹೋದ ಧಣಿಗಳು ಬದುಕಿ ಬಂದರು. ಮರುವರ್ಷ ಊರಿನವರು ಕೂಡಿ ಮಾರ್ಗದರ್ಶಕರ ಸಂಘ ಕಟ್ಟಿದರು. ಸತ್ತವರ ಅವಶೇಷಗಳನ್ನು ಹಿಮನದಿ ಕೆಳಕ್ಕೆ ತಂದು ಹಾಕಿದ್ದು ನಾಲ್ಕು ದಶಕ ಕಳೆದು, 1861ರಲ್ಲಿ.

ಗುಂಪು ಕಟ್ಟಿಕೊಂಡು ಬೆಟ್ಟ ಹತ್ತಿಸುವ ಕಸುಬಿನ ಚರಿತ್ರೆಯನ್ನು ಹೀಗೆ ಅವಘಡಗಳ ಲೆಕ್ಕದಲ್ಲೇ ಬರೆಯಬಹುದು. ಪ್ರತಿ ನಿಯಮದ ಹಿಂದೆ ಒಂದೆರಡು ಹೆಣಗಳಿವೆ.

ಬಹುಕಾಲ ಎಲ್ಲರ ನಂಬಿಕೆ ಇದ್ದದ್ದು ತರಬೇತಿಯ ಮೇಲೆ. ಬ್ರಿಟನ್ನಿನಲ್ಲಿ 1964ರಿಂದ ಬೆಟ್ಟದ ನಾಯಕರಿಗೆ ಅರ್ಹತಾ ಪತ್ರ ಕೊಡತೊಡಗಿದರು. ನಮ್ಮಲ್ಲಿ ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಉತ್ತರಕಾಶಿಯದು 1965ರಲ್ಲಿ ಶುರುವಾದವು. ಕಲಿತವನು ಜೊತೆಗಿದ್ದರೆ ಭಯವಿಲ್ಲ ಅನ್ನುವ ಕಾಲ ಅದು.

1971ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟದಲ್ಲಿ ಹಿಮಗಾಳಿಗೆ ಸಿಕ್ಕಿ ಐವರು ಶಾಲಾ ಮಕ್ಕಳೂ ತರಬೇತಿಯಲ್ಲಿದ್ದ ಒಬ್ಬ ಮಾರ್ಗದರ್ಶಕಿಯೂ ತೀರಿಕೊಂಡರು. ಅವರು ಮೇಲಿದ್ದ ಒಂದು ತಂಗುಗುಡಿಸಲಿಗೆ ಹೊರಟಿದ್ದರು; ಅಲ್ಲಿಗೆ ತಲುಪಲೇ ಇಲ್ಲ. ಆಮೇಲೆ ನಡೆದ ಚರ್ಚೆ ನನಗೆ ಯಾವತ್ತೂ ಕುತೂಹಲದ್ದು. ಆಸರೆಗೆಂದು ಕಟ್ಟಿದ ಗುಡಿಸಲೇ ‘ಹೇಗೂ ಮೇಲೆ ಸೂರಿದೆ’ ಎಂಬ ಧೈರ್ಯ ಕೊಟ್ಟು ಜನರನ್ನು ಕೆಟ್ಟ ಹವೆಯಲ್ಲೂ ಮೇಲಕ್ಕೆಳೆಯುತ್ತದೆ ಎಂಬ ವಾದ ಗೆದ್ದಿತು. ಆ ಗುಡಿಸಲನ್ನು ಕೆಡವಿಯೇಬಿಟ್ಟರು. ಸುರಕ್ಷತೆಗೆಂದು ಮಾಡಿದ್ದೇ ಅಪಾಯ ತರಬಹುದೆಂಬ ವಿವೇಕ ಈ ಕ್ಷೇತ್ರಕ್ಕೆ ಬಂದದ್ದು ಹೀಗೆ.

ಮುಂದಿನ ತಿರುವು ಸಮುದ್ರದಲ್ಲಿ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ನಡೆಸಲು ಹೋದ ಶಾಲಾ ಗುಂಪಿನ ನಾಲ್ವರು ಹದಿಹರೆಯದವರು ಸತ್ತರು. ಅದಕ್ಕೆ ತಿಂಗಳುಗಳ ಮೊದಲೇ, ಅವರನ್ನು ಒಯ್ದಿದ್ದ ಸಾಹಸ ಕೇಂದ್ರದಲ್ಲಿ ಕೆಲಸ ಬಿಟ್ಟ ಬೋಧಕರು ಅಲ್ಲಿನ ಸುರಕ್ಷತೆ ಸರಿಯಿಲ್ಲವೆಂದು ಕಾಗದ ಬರೆದಿದ್ದರು. ಈ ಸಲ ಜೈಲಿಗೆ ಹೋದದ್ದು ಕಂಪನಿ ನಡೆಸುತ್ತಿದ್ದವನು. 1995ರಲ್ಲಿ ಕಾನೂನು ಬಂತು: ಹಣ ಪಡೆದು ಹದಿನೆಂಟರೊಳಗಿನವರನ್ನು ಇಂಥ ಸಾಹಸಗಳಿಗೆ ಒಯ್ಯಲು ಪರವಾನಗಿ ಬೇಕು. ಹೊಣೆ ಗೈಡ್‌ನ ಹೆಗಲಿನಿಂದ ಆಫೀಸಿನ ಮೇಜಿಗೂ ಏರಿತು.

ಮನಸ್ಸಿನ ಲೆಕ್ಕ ಬಂದದ್ದು ಕೊನೆಗೆ. 1996ರ ಮೇನಲ್ಲಿ ಎವರೆಸ್ಟ್‌ನಲ್ಲಿ ಎಂಟು ಮಂದಿ ಸತ್ತರಲ್ಲ, ಅಂದು ಮಧ್ಯಾಹ್ನ ಎರಡರ ಮೇಲೆ ಹತ್ತಬಾರದೆಂಬ ಮಾತಿತ್ತು. ಅದಾದ ಮೇಲೂ ಹತ್ತಿದರು. ಇಯಾನ್ ಮೆಕಮ್ಮನ್ ಎಂಬ ಸಂಶೋಧಕ ಅಮೆರಿಕದ 715 ಹಿಮಕುಸಿತಗಳ ದಾಖಲೆ ತೆಗೆದು ನೋಡಿ 2004ರಲ್ಲಿ ತೋರಿಸಿದ್ದೂ ಅದನ್ನೇ: ಪರಿಚಿತ ಜಾಗ, ಮೊದಲೇ ಹಾಕಿಕೊಂಡ ಗುರಿ, ಮುಂದಿರುವವನಿಗೆ ಎಲ್ಲ ಗೊತ್ತೆಂಬ ನಂಬಿಕೆ, ಇವುಗಳ ಮುಂದೆ ಕಣ್ಣೆದುರಿನ ಅಪಾಯ ಕಾಣುವುದಿಲ್ಲ.

ನಮ್ಮ ಕಡೆ ಪಾಠಗಳು ತಡವಾಗಿ, ಒಟ್ಟೊಟ್ಟಿಗೆ ಬಂದವು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯ ಕಾಡ್ಗಿಚ್ಚಿಗೆ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ಆ ವರ್ಷವೇ ಅಲ್ಲಿ ಚಾರಣಕ್ಕೆ ನಿಯಮಗಳಾದವು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್‌ಗೆ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಜನ ತೀರಿಕೊಂಡರು. ಬೆಟ್ಟ ಹತ್ತಿ ಪಳಗಿದವರೂ ಅದರಲ್ಲಿದ್ದರು. ಅದೇ ವರ್ಷದ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆ ನೆರೆದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ತಲೆ ಎಣಿಸುವುದು ಸುಲಭ, ಬೇಕಾದದ್ದೂ ಹೌದು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗುವ ಬ್ಯಾಚಿನ ಅವಸರವನ್ನು ಮಾತ್ರ ಯಾವ ಬುಕಿಂಗೂ ಎಣಿಸುವುದಿಲ್ಲ.

ಆ ಅವಸರದಲ್ಲಿ ನಾನೂ ಇದ್ದೆ. ಕುಮಾರ ಪರ್ವತ ಹತ್ತಲು ಕುಕ್ಕೆಯಿಂದ ಹೊರಟು, ಭಟ್ಟರ ಮನೆ, ಕಲ್ಲು ಮಂಟಪ ದಾಟಿ ಶೇಷ ಪರ್ವತ ಮುಟ್ಟುವಷ್ಟರಲ್ಲಿ ಹಿಂದಿನವರು ಮುಕ್ಕಾಲು ಗಂಟೆ ಹಿಂದುಳಿದಿದ್ದರು. ಮಂಜು ಮುಚ್ಚತೊಡಗಿತ್ತು. ‘ಇನ್ನು ಹೋದ್ರೆ ಇಳಿಯುವಾಗ ಕತ್ತಲಾಗ್ತದೆ ಮಾರಾಯ್ರೆ’ ಅಂದ ನಮ್ಮ ಗೈಡ್, ಅಲ್ಲಿಯದೇ ಊರಿನ ಹುಡುಗ. ‘ಅರ್ಧ ಗಂಟೆ ಅಷ್ಟೇ ಗುರು, ದುಡ್ಡು ಕೊಟ್ಟು ಬಂದಿದೀವಿ’ ಅಂತ ಒಬ್ಬ. ಕರೆತಂದ ಕಂಪನಿಯ ಟ್ರೆಕ್ ಲೀಡ್ ಫೋನ್ ಮೇಲೆತ್ತಿ ಸಿಗ್ನಲ್ ಹುಡುಕತೊಡಗಿದ, ಯಾರನ್ನು ಕೇಳಲೋ ಏನೋ. ಗೈಡ್ ಮಾತು ಬೆಳೆಸಲಿಲ್ಲ. ಬ್ಯಾಗ್ ಕೆಳಗಿಟ್ಟು ಬಂದ ದಾರಿಯ ಕಡೆ ಮುಖ ಮಾಡಿ, ಹಿಂದಿನವರು ಬರಲೆಂದು ಬಂಡೆಯ ಮೇಲೆ ಕೂತ. ಸ್ವಲ್ಪ ಹೊತ್ತು ನಿಂತು ನೋಡಿ ನಾವೂ ಕೂತೆವು.