ಕರೆಂಟ್ ಮುಗಿದ ಮೇಲೆ

ಇಜೇರಿ ಸುತ್ತಿನ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾದರೆ ಮುಂದಿನ ದಾರಿ ಜೇವರ್ಗಿ ಹಾಯ್ದು, ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿಗೆ. ಅಲ್ಲಿಯ ಕಿದ್ವಾಯಿ ಕೇಂದ್ರದಲ್ಲಿ ಆಗದಿದ್ದರೆ ಸೊಲ್ಲಾಪುರ, ಬಾರ್ಶಿ, ಹೈದರಾಬಾದು, ಬೆಂಗಳೂರು. ಐದಾರು ವಾರ ಹೊರಗಿನಿಂದ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಅದರ ಜೊತೆ ವಾರಕ್ಕೊಮ್ಮೆ ಕೀಮೋ, ಕೊನೆಗೆ ಒಳಗಿನಿಂದ ಕೊಡುವ ಕರೆಂಟ್. ಇದಿಷ್ಟು ಮುಗಿದ ಮೇಲೆ ‘ಮೂರು ತಿಂಗಳು ಬಿಟ್ಟು ಬರ್ರಿ’ ಎಂದು ಚೀಟಿ ಕೊಟ್ಟು ಕಳಿಸುತ್ತಾರೆ. ಊರಿಗೆ ಬಂದವಳು ಜೋಳದ ರೊಟ್ಟಿ ತಿನ್ನಬಹುದೇ, ಕಳೆ ತೆಗೆಯಲು ಹೋಗಬಹುದೇ, ಕಾಲು ಬಾತರೆ ಯಾರನ್ನು ಕೇಳಬೇಕು, ಗಂಡನ ಜೊತೆ ಮಲಗಬಹುದೇ? ಈ ಪ್ರಶ್ನೆಗಳ ಸುತ್ತ ಜಗತ್ತಿನಲ್ಲಿ ನಾಲ್ಕು ದಶಕಗಳಿಂದ ಒಂದು ಅಧ್ಯಯನ ಕ್ಷೇತ್ರವೇ ಬೆಳೆದಿದೆ. ಅದು ಬೆಳೆದ ಬಗೆಯನ್ನು ನೋಡಿದರೆ, ಅದು ಬೇರೊಂದು ಊರಿನ, ಬೇರೊಂದು ಮೈಕಟ್ಟಿನ ಹೆಂಗಸನ್ನು ಕಣ್ಣೆದುರು ಇಟ್ಟುಕೊಂಡೇ ಬೆಳೆಯಿತು ಎಂದು ಹೇಳಲೇಬೇಕಾಗುತ್ತದೆ.

ಮೊದಲ ಹೆಜ್ಜೆ 1985ರದು. ಫಿಟ್ಜ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯರು ತಾವೇ ಕ್ಯಾನ್ಸರ್‌ಗೆ ಒಳಗಾಗಿ ಗುಣವಾದವರು. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅವರು ಬರೆದ ಲೇಖನ, ಚಿಕಿತ್ಸೆ ಮುಗಿದ ಮೇಲೂ ರೋಗಿಯ ಪಾಡು ಮುಗಿಯುವುದಿಲ್ಲ ಎಂಬುದನ್ನು ವೈದ್ಯಲೋಕದ ಮುಂದಿಟ್ಟಿತು. ಮರುವರ್ಷ ಬದುಕುಳಿದವರ ರಾಷ್ಟ್ರೀಯ ಒಕ್ಕೂಟವೊಂದು ಅಲ್ಲಿ ಹುಟ್ಟಿತು. 2006ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದೊಡ್ಡ ವರದಿ ತಂದು, ಆಸ್ಪತ್ರೆ ಬಿಟ್ಟ ಪ್ರತಿಯೊಬ್ಬರಿಗೂ ಮುಂದಿನ ಆರೈಕೆಯ ಬರಹರೂಪದ ಯೋಜನೆ ಇರಬೇಕೆಂದಿತು. ಊಟ, ವ್ಯಾಯಾಮಗಳ ಮಾತು ಆಗ ಹೆಚ್ಚಾಗಿ ಸ್ತನ ಕ್ಯಾನ್ಸರ್ ಸುತ್ತಲೇ ಇತ್ತು. ಬೆಂಗಳೂರಿನ ಎಸ್-ವ್ಯಾಸ ಯೋಗ ಸಂಸ್ಥೆ ನಡೆಸಿದ ಒಳ್ಳೆಯ ಪ್ರಯೋಗಗಳು ಕೂಡ ಸ್ತನ ಕ್ಯಾನ್ಸರ್‌ನವೇ.

ಸ್ತ್ರೀರೋಗ ಕ್ಯಾನ್ಸರ್‌ಗಳಿಗೆ ಈ ವಿಚಾರ ಬಂದದ್ದು ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೂಲಕ. ಅದಕ್ಕೆ ಕಾರಣವಿದೆ. ಆ ಕ್ಯಾನ್ಸರ್‌ಗೆ ಬೊಜ್ಜಿನ ನಂಟು ಗಟ್ಟಿ. ಬೇಗ ಪತ್ತೆಯಾಗಿ ಗುಣವಾದವರಲ್ಲಿ ಅನೇಕರು ಮುಂದೆ ಸಾಯುವುದು ಕ್ಯಾನ್ಸರ್‌ನಿಂದಲ್ಲ, ಹೃದಯರೋಗದಿಂದ. ಒಹಾಯೊದ ವಿವಿಯನ್ ವಾನ್ ಗ್ರುನಿಗೆನ್ ತಂಡ 75 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ಊಟ ಮತ್ತು ವ್ಯಾಯಾಮದ ತರಬೇತಿ ಕೊಟ್ಟಿತು. ‘ಸಕ್ಸೀಡ್’ ಎಂಬ ಈ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು: ತರಬೇತಿ ಪಡೆದವರ ತೂಕ ಇಳಿದಿತ್ತು, ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಅಲ್ಲಿಂದಾಚೆಗೆ ಕಾರ್ಯಕ್ರಮವೆಂದರೆ ತೂಕ ಇಳಿಸುವುದು ಎಂಬ ಅಚ್ಚು ಬಿತ್ತು.

ಅಂಡಾಶಯದ ಕ್ಯಾನ್ಸರ್‌ನಲ್ಲಿ ಬೇರೆ ದಾರಿ ತೆರೆಯಿತು. ಯೇಲ್ ವಿಶ್ವವಿದ್ಯಾಲಯದ ಮೆಲಿಂಡಾ ಅರ್ವಿನ್ ತಂಡ ಕನೆಕ್ಟಿಕಟ್‌ನಲ್ಲಿ 144 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ಫೋನ್ ಮೂಲಕವೇ ಬಿರುಸಿನ ನಡಿಗೆಯ ಮಾರ್ಗದರ್ಶನ ಕೊಟ್ಟಿತು. ಮುಖ್ಯವಾಗಿ ಅಳೆದದ್ದು ತೂಕವನ್ನಲ್ಲ, ದಿನದ ಬದುಕಿನ ಶಕ್ತಿಯನ್ನು; ಆ ಗುಂಪಿನಲ್ಲಿ ಅದು ಹೆಚ್ಚಿತ್ತು. ಮುಂದೆ ‘ಲೈವ್ಸ್’ ಎಂಬ ಅಧ್ಯಯನ 1,200ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಎರಡು ವರ್ಷ ಫೋನಿನಲ್ಲೇ ಸಲಹೆ ನೀಡಿತು. ವ್ಯಾಯಾಮದಿಂದ ಕ್ಯಾನ್ಸರ್ ಮರುಕಳಿಸುವುದೇ ಕಡಿಮೆಯಾದೀತೇ ಎಂಬ ಹಳೆಯ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2025ರಲ್ಲಿ. ಆದರೆ ಅದು ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ: 889 ಜನರ ‘ಚಾಲೆಂಜ್’ ಪ್ರಯೋಗದಲ್ಲಿ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿದವರಲ್ಲಿ ಮರುಕಳಿಸುವ ಇಲ್ಲವೇ ಸಾಯುವ ಸಂಭವ ಶೇ. 28ರಷ್ಟು ಕಡಿಮೆ ಇತ್ತು. ಇದನ್ನು ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಹಾಗೇ ಅನ್ವಯಿಸಿ ಭರವಸೆ ಕೊಡುವುದು ತಪ್ಪು.

ನಮ್ಮ ಲೆಕ್ಕ ಬೇರೆ. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಸತ್ತರು ಎಂಬುದು ಗ್ಲೋಬೋಕಾನ್ ಅಂದಾಜು. ಆದರೂ ಬದುಕಿ ಊರಿಗೆ ಮರಳುವವರು ಹೆಚ್ಚುತ್ತಿದ್ದಾರೆ. ಇದರಲ್ಲಿ ಕಲಬುರಗಿ ಸೀಮೆಗೆ ಒಂದು ಸ್ಥಾನವಿದೆ. ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯನ್ನು ಉಚಿತವಾಗಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಶುರುವಾದದ್ದೇ ಗುಲಬರ್ಗಾ ವಿಭಾಗದಲ್ಲಿ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ಇಳಿದಿತ್ತು. ಚಿಕಿತ್ಸೆಯೂ ಸುಧಾರಿಸಿದೆ. ಆಪರೇಷನ್ ನಂತರ ಕರೆಂಟ್ ಬೇಕಾದ 300 ಮಹಿಳೆಯರ ಮೇಲೆ ಮುಂಬಯಿಯ ಟಾಟಾ ಆಸ್ಪತ್ರೆ ನಡೆಸಿದ ‘ಪಾರ್ಸರ್’ ಪ್ರಯೋಗದಲ್ಲಿ, ಗುರಿ ನೋಡಿ ಕರೆಂಟ್ ಕೊಡುವ ಹೊಸ ವಿಧಾನದಿಂದ ಮೂರು ವರ್ಷಗಳಲ್ಲಿ ಕರುಳಿನ ತೊಂದರೆ ಶೇ. 42ರಿಂದ 21ಕ್ಕೆ ಇಳಿಯಿತು. ನನ್ನ ಮಟ್ಟಿಗೆ ಜೀವನಶೈಲಿಯ ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ. ಚಿಕಿತ್ಸೆ ಸರಿಯಾಗಿದ್ದರೆ ಆಮೇಲಿನ ಪಥ್ಯದ ಪಟ್ಟಿಯೂ ಚಿಕ್ಕದಾಗುತ್ತದೆ.

ಕರೆಂಟ್ ಪಡೆದವಳ ಮೊದಲ ಕಷ್ಟ ಹೊಟ್ಟೆಯದು. ಪದೇ ಪದೇ ಬಯಲಿಗೆ ಓಡುವುದು, ತಡೆಯಲಾಗದಿರುವುದು, ಕೆಲವೊಮ್ಮೆ ರಕ್ತ. ಬಹುಕಾಲ ಆಸ್ಪತ್ರೆಗಳು ನಾರು ಕಡಿಮೆ ತಿನ್ನಿರಿ ಎಂದೇ ಹೇಳುತ್ತಿದ್ದವು. ಹಾಗೆ ಹೇಳಿದರೆ ಇಲ್ಲಿಯ ತಟ್ಟೆಯಲ್ಲಿ ಉಳಿಯುವುದೇನು? ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲದರಲ್ಲೂ ನಾರೇ. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯಲ್ಲಿ 166 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. ಕರೆಂಟ್ ನಡೆಯುವಾಗ ನಾರು ಹೆಚ್ಚು ತಿಂದವರ ಕರುಳೇ ವರ್ಷದ ನಂತರವೂ ಚೆನ್ನಾಗಿತ್ತು. ಹಾಗೆಂದು ಭೇದಿ ಹತ್ತಿದವಳಿಗೆ ಖಾರದ ಹಿಂಡಿ ಕೊಡಬಾರದು. ರಕ್ತ ಕಂಡರೆ ದವಾಖಾನೆಗೇ ಹೋಗಬೇಕು. ಆದರೆ ‘ರೊಟ್ಟಿ ಬಿಡ್ರಿ, ಬ್ರೆಡ್ ತಿನ್ರಿ’ ಎಂಬ ಸಲಹೆಗೆ ಆಧಾರ ಸಾಲದು. ಇನ್ನು ತೂಕ ಇಳಿಸುವ ಮಾತು ಇಲ್ಲಿ ಬಹಳ ಜನರಿಗೆ ಹೊಂದುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ರಾಜ್ಯದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ರಕ್ತ ಹೋಗಿ ಹೋಗಿ ಕ್ಯಾನ್ಸರ್ ಪತ್ತೆಯಾದವಳಿಗೆ ಬೇಕಾದದ್ದು ಮೈಗೆ ಸತ್ವ ತುಂಬುವ ಊಟ.

ಎರಡನೆಯದು ಕಾಲು. ಹೊಟ್ಟೆಯ ಕೆಳಭಾಗದ ದುಗ್ಧಗ್ರಂಥಿಗಳನ್ನು ತೆಗೆದರೆ ಅಥವಾ ಅವಕ್ಕೆ ಕರೆಂಟ್ ಬಿದ್ದರೆ ತಿಂಗಳುಗಳ, ವರ್ಷಗಳ ನಂತರ ಕಾಲಿಗೆ ಬಾವು ಬರಬಹುದು. ಕಲಬುರಗಿ ಆನೆಕಾಲು ರೋಗವಿರುವ ಜಿಲ್ಲೆ, ಹಾಗಾಗಿ ಊರವರು ಅದನ್ನು ಆನೆಕಾಲೆಂದೇ ತಿಳಿಯುವುದು ಸಹಜ. ಈ ಗೊಂದಲದಲ್ಲೇ ಒಂದು ಅನುಕೂಲವೂ ಇದೆ. ದಿನವೂ ಸೋಪು ನೀರಿನಲ್ಲಿ ಕಾಲು ತೊಳೆದು ಬೆರಳ ಸಂದು ಒರೆಸುವುದು, ಕೂತಾಗ ಮಲಗಿದಾಗ ಕಾಲು ಎತ್ತರಕ್ಕಿಡುವುದು, ಪಾದ ಮೇಲೆ ಕೆಳಗೆ ಆಡಿಸುವುದು, ಗಾಯವಾಗದಂತೆ ಚಪ್ಪಲಿ ಹಾಕುವುದು: ಇವನ್ನೆಲ್ಲ ಇಲ್ಲಿಯ ಆರೋಗ್ಯ ಕಾರ್ಯಕರ್ತೆಯರು ಆನೆಕಾಲು ರೋಗಿಗಳಿಗೆ ಕಲಿಸುತ್ತಲೇ ಬಂದಿದ್ದಾರೆ. ಕ್ಯಾನ್ಸರ್ ಗುಣವಾದವಳ ಕಾಲಿಗೂ ಇದೇ ಆರೈಕೆಯೇ ಅಡಿಪಾಯ. ಪರದೇಶದ ಕೈಪಿಡಿ ತರಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇರುವ ಈ ತಿಳಿವಳಿಕೆಯನ್ನು ಅವಳಿಗೂ ತಲುಪಿಸಬೇಕು. ಹೊಸ ಬಾವು ಒಂದೇ ಕಾಲಿಗೆ, ನೋವಿನೊಂದಿಗೆ ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ರಕ್ತ ಹೆಪ್ಪುಗಟ್ಟಿರಬಹುದು, ಕ್ಯಾನ್ಸರ್ ಮರಳಿರಲೂಬಹುದು.

ಮೂರನೆಯದು ಎಲುಬು. ಕರೆಂಟಿನಿಂದ ಅಂಡಾಶಯ ಕೆಲಸ ನಿಲ್ಲಿಸುತ್ತದೆ, 35ರ ವಯಸ್ಸಿನಲ್ಲೇ ಮುಟ್ಟು ನಿಲ್ಲಬಹುದು, ಸೊಂಟದ ಎಲುಬು ಟೊಳ್ಳಾಗುತ್ತದೆ. ಈ ಸಂಗತಿ ಕಲಬುರಗಿ ಜಿಲ್ಲೆಯಲ್ಲಿ ಕ್ಯಾನ್ಸರ್ ಬಂದವರಿಗಷ್ಟೇ ಸೀಮಿತವಲ್ಲ. 2015ರಲ್ಲಿ ಹೊರಬಿದ್ದ ಗರ್ಭಕೋಶ ಪ್ರಕರಣ ನೆನಪಾದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ತಾಂಡಾಗಳ ಬಡ ಹೆಂಗಸರಿಗೆ ಕ್ಯಾನ್ಸರ್ ಆದೀತೆಂದು ಹೆದರಿಸಿ ಕೆಲವು ಖಾಸಗಿ ಆಸ್ಪತ್ರೆಗಳು ಬೇಡದ ಆಪರೇಷನ್ ಮಾಡಿದವೆಂದು ಕರ್ನಾಟಕ ಜನಾರೋಗ್ಯ ಚಳುವಳಿಯಂಥ ಸಂಘಟನೆಗಳು ದನಿ ಎತ್ತಿದವು, ಸರ್ಕಾರ ತನಿಖೆ ಮಾಡಿಸಿತು. ಅಂಡಾಶಯವನ್ನೂ ತೆಗೆಸಿಕೊಂಡ ಎಳೆಯ ಹೆಂಗಸಿಗೂ ಕ್ಯಾನ್ಸರ್ ಗೆದ್ದವಳಿಗೂ ಮುಂದಿನ ಎಲುಬಿನ ಆರೈಕೆ ಒಂದೇ: ಸುಣ್ಣಾಂಶ, ಬಿಸಿಲು, ಸ್ನಾಯು ಗಟ್ಟಿಮಾಡುವ ವ್ಯಾಯಾಮ, ವೈದ್ಯರು ಸೂಕ್ತವೆಂದರೆ ಹಾರ್ಮೋನ್ ಗುಳಿಗೆ.

ವ್ಯಾಯಾಮ ಎಂದೊಡನೆ ಬರುವ ಪ್ರಶ್ನೆ: ದಿನವಿಡೀ ಹತ್ತಿ ಬಿಡಿಸಿ, ತೊಗರಿ ಕೊಯ್ದು, ನೀರು ಹೊರುವವಳಿಗೆ ಇನ್ನೇನು ವ್ಯಾಯಾಮ? 2021ರಲ್ಲಿ ಬಂದ ಡೆನ್ಮಾರ್ಕಿನ ಲಕ್ಷ ಮೀರಿದ ಜನರ ಅಧ್ಯಯನ ಇದಕ್ಕೆ ಬೆಳಕು ಚೆಲ್ಲುತ್ತದೆ. ಬಿಡುವಿನಲ್ಲಿ ಮೈ ದಣಿಸಿದವರ ಹೃದಯಕ್ಕೆ ಲಾಭವಾಯಿತು; ಕೆಲಸದಲ್ಲಿ ಮೈಮುರಿದವರಿಗೆ ಆಗಲಿಲ್ಲ. ಬಾಗಿ ಕಳೆ ಕೀಳುವುದರಿಂದ ಸೊಂಟ ಸವೆಯುತ್ತದೆ, ತೊಡೆಯ ಸ್ನಾಯು ಬಲಿಯುವುದಿಲ್ಲ. ಅಂತರರಾಷ್ಟ್ರೀಯ ತಜ್ಞರು 2019ರಲ್ಲಿ ಹೇಳಿದ್ದು ವಾರಕ್ಕೆ ಮೂರು ಸಲ 30 ನಿಮಿಷದ ನಡಿಗೆಯಂಥ ಚಟುವಟಿಕೆ, ಎರಡು ಸಲ ಸ್ನಾಯುಬಲದ ವ್ಯಾಯಾಮ. ಕೂಲಿಕಾರಳಿಗೆ ಇದರ ಮೊದಲ ಪಾಠ ವಿಶ್ರಾಂತಿ ಆಗಬೇಕು: ಮೊದಲ ತಿಂಗಳುಗಳಲ್ಲಿ ಕೊಡ ಹೊರುವ ಕೆಲಸವನ್ನು ಮನೆಯ ಗಂಡಸರು ಮಾಡಬೇಕು ಎಂದು ಚೀಟಿಯಲ್ಲೇ ಬರೆಯಬೇಕು.

ಯಾರೂ ಬಾಯಿ ಬಿಡದ ವಿಷಯವೂ ಒಂದಿದೆ. ಕರೆಂಟಿನ ನಂತರ ಯೋನಿ ಬಿಗಿದು ಕಿರಿದಾಗಬಹುದು. ಕ್ರಮವಾಗಿ ಡೈಲೇಟರ್ ಬಳಸಿ ಹಿಗ್ಗಿಸಿಕೊಳ್ಳದಿದ್ದರೆ ಸಂಭೋಗ ಮಾತ್ರವಲ್ಲ, ಮುಂದಿನ ತಪಾಸಣೆಯೂ ಕಷ್ಟ. ಇದನ್ನು ಹೇಳಬೇಕಾದವರು ಹೆಂಗಸರೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗಂಡನಿಗೂ ಬೇರೆ ತಿಳಿಸಿ.

ಈ ಕ್ಯಾನ್ಸರನ್ನು ತೊಡೆದುಹಾಕಲು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಾಕಿಕೊಂಡ 90-70-90 ಗುರಿಯಲ್ಲಿ ಲಸಿಕೆ, ತಪಾಸಣೆ, ಚಿಕಿತ್ಸೆಗೆ ಅಂಕಿಗಳಿವೆ. ಆಮೇಲಿನ ಬದುಕಿಗೆ ಅಂಕಿ ಇಲ್ಲ. ಆದರೆ ಹಳ್ಳಿಯಲ್ಲಿ ಇಂಥ ಕೆಲಸ ಆಗದು ಎನ್ನುವಂತಿಲ್ಲ. ಆಳಂದಕ್ಕೆ ಹೊಂದಿಕೊಂಡ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ ಬಾರ್ಶಿಯ ಆಸ್ಪತ್ರೆ ಮತ್ತು ಟಾಟಾ ಸಂಸ್ಥೆ ಸೇರಿ 1.31 ಲಕ್ಷ ಹಳ್ಳಿ ಮಹಿಳೆಯರನ್ನು ಒಳಗೊಂಡು, ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಾಣುವಿನ ತಪಾಸಣೆಯ ಪ್ರಯೋಗ ಮಾಡಿದವು. ಒಂದೇ ಒಂದು ಪರೀಕ್ಷೆಯಿಂದ ಸಾವು ಅರ್ಧದಷ್ಟು ಇಳಿಯಿತೆಂದು 2009ರಲ್ಲಿ ಜಗತ್ತಿಗೆ ತೋರಿಸಿದ್ದು ಆ ಹೆಂಗಸರೇ. ಇಂದು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಮನೆಮನೆಗೆ ಹೋಗುವ ಆಶಾ ಇದ್ದಾಳೆ. ಬಿಪಿ, ಶುಗರ್ ನೋಡುವ ಅದೇ ಭೇಟಿಯಲ್ಲಿ ಕಾಲಿನ ಸುತ್ತಳತೆ, ತೂಕ, ಹಿಮೋಗ್ಲೋಬಿನ್, ಹೊಟ್ಟೆಯ ತೊಂದರೆ ಇವಿಷ್ಟನ್ನು ಮೂರು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಬಹುದು. ಕಲಬುರಗಿಯಿಂದ ತರಬೇತಾದ ನರ್ಸ್ ಒಬ್ಬಳು ತಿಂಗಳಿಗೆರಡು ಸಲ ಫೋನ್ ಮಾಡಬೇಕು, ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ತೊಗರಿ ಸುಗ್ಗಿಯ ದಿನಗಳಲ್ಲಾದರೆ ರಾತ್ರಿ ಊಟದ ನಂತರ, ಫೋನ್ ಗಂಡನ ಇಲ್ಲವೇ ಮಗನ ಕೈಯಿಂದ ಅವಳ ಕೈಗೆ ಬಂದ ಮೇಲೆ.