ಬರದ ನಾಡಿನಲ್ಲಿ ಭರವಸೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಹೆಗಲ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು ಮಂದೆಯೊಡನೆ ನಡೆಯುವ ಕುರುಬ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದೇ ಭಾಗ್ಯವೆನ್ನುವ ಸೀಮೆ ಇದು. ಕ್ರೈಸ್ತರು ಸಂಕಟದ ಗಳಿಗೆಯಲ್ಲಿ ನೆನೆಯುವ ಇಪ್ಪತ್ತಮೂರನೆಯ ಕೀರ್ತನೆಯನ್ನು ತಿಳಿಯಲು ಇಲ್ಲಿಯವರಿಗೆ ವ್ಯಾಖ್ಯಾನ ಬೇಕಾಗಲಾರದು. ಅಲ್ಲಿ ದೇವರು ಮಂದೆ ಕಾಯುವವನಾಗಿ ಬರುತ್ತಾನೆ. ಕನ್ನಡ ಬೈಬಲಿನಲ್ಲಿ ಅವನಿಗಿರುವ ಹೆಸರೂ ‘ಕುರುಬ’ ಎಂದೇ.

ಕೀರ್ತನೆಗಳು ಕನ್ನಡಕ್ಕೆ ಬಂದುದು ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯ ದುಡಿಮೆಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡ ಕಲಿತು, ವಿಲಿಯಂ ರೀವ್ ಅವರೊಡಗೂಡಿ ಅನುವಾದಕ್ಕೆ ಕೈಹಚ್ಚಿದರು. ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾದುದು 1831ರಲ್ಲಿ.

ನಲವತ್ತೈದು ವರ್ಷಗಳ ತರುವಾಯ ಆ ಕೀರ್ತನೆ ಹೇಳುವ ಕತ್ತಲ ಕಣಿವೆ ಈ ಬಯಲಿಗೇ ಬಂದಿತು. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮಳೆ ಕೈಕೊಟ್ಟಿತು. 1878ರವರೆಗೆ ಕ್ಷಾಮ ನಾಡನ್ನು ಸುಟ್ಟಿತು. ರೈಲು ಬಳ್ಳಾರಿಗೂ ಬೆಂಗಳೂರಿಗೂ ಧಾನ್ಯ ತಂದೀತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸತ್ತ ಮೇಲೆ ಹಳ್ಳಿಗೆ ಧಾನ್ಯ ಮುಟ್ಟುವುದೆಂತು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು.

ಈ ಲೆಕ್ಕದ ಮುಂದೆ ನಿಂತಾಗ ನನ್ನೊಳಗೆ ಒಂದು ಪ್ರಶ್ನೆ ಏಳುತ್ತದೆ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತವರು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರು, ಕ್ರಿಸ್ತನ ಹೆಸರು ಹಿಡಿದು ಕೂಗುವವರು, ಎಲ್ಲರ ನಾಡೂ ಇದೇ. ಬೇಡಿಕೊಂಡವರೂ ಸತ್ತರೆಂದ ಮೇಲೆ ದೇವರ ಆಸರೆ ಎಂಬ ಮಾತಿಗೆ ಅರ್ಥವೇನು?

ಕೀರ್ತನೆಗಳ ಜೋಡಣೆಯಲ್ಲಿಯೇ ಇದಕ್ಕೆ ಒಂದು ಉತ್ತರವಿದೆ. ಭರವಸೆಯ ಇಪ್ಪತ್ತಮೂರನೆಯದಕ್ಕೆ ಮೊದಲು ಬರುವ ಕೀರ್ತನೆ ದೇವರು ತನ್ನನ್ನು ತೊರೆದನೆಂಬ ಗೋಳು. ಶಿಲುಬೆಯ ಮೇಲೆ ಯೇಸು ಕೂಗಿದುದು ಅದರ ಮೊದಲ ಮಾತನ್ನೇ ಎಂದು ಸುವಾರ್ತೆ ಹೇಳುತ್ತದೆ. ಹೆದರಿದವನು, ಕೂಗಿಕೊಂಡವನು ನಂಬಿಕೆಗೆಟ್ಟವನೆಂದು ಹೇಳಲು ಆ ಗ್ರಂಥವನ್ನು ಓದಿದವರಿಗೆ ಬಾಯಿ ಬಾರದು. ಕಣಿವೆಯೇ ಇರುವುದಿಲ್ಲವೆಂದು ಕೀರ್ತನಕಾರ ಹೇಳಲಿಲ್ಲ. ಕಣಿವೆಯಲ್ಲಿ ತಾನು ಒಂಟಿಯಲ್ಲವೆಂದು ಹೇಳಿದ.

ಈ ಜೊತೆಗಾರಿಕೆ ನೆಲದ ಮೇಲೆ ಮನುಷ್ಯರ ಕೈಗಳ ಮೂಲಕವೇ ಕಾಣಬೇಕು. ಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಸಂಸ್ಥಾನದಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಮಿಷನ್ನುಗಳು ಅನಾಥಾಲಯಗಳನ್ನು ತೆರೆದವು. ಗಂಜಿಗಾಗಿ ಮತ ಬಿಟ್ಟರೆಂಬ ಆಕ್ಷೇಪವೂ ಆಗಿನಿಂದ ಕೇಳಿಬಂದಿದೆ. ಹಸಿದ ಮಗುವಿಗೆ ಅನ್ನದೊಡನೆ ಮತವನ್ನೂ ಕೊಡುವುದು ನ್ಯಾಯವೇ ಎಂಬ ಪ್ರಶ್ನೆ ಸುಳ್ಳಲ್ಲ. ಕ್ರೈಸ್ತನೂ ಅದನ್ನು ತಪ್ಪಿಸಿಕೊಳ್ಳಬಾರದು. ಆದರೆ ಗಂಜಿ ಕುಡಿದು ಬದುಕಿದವನ ಪ್ರಾರ್ಥನೆಯೆಲ್ಲ ಹುಸಿಯೆಂದು ತೀರ್ಪು ಕೊಡಲು, ಎಂದೂ ಹಸಿಯದ ನಾನು ಯಾರು? ತಾಯಿಯ ಕೈತುತ್ತಿನಿಂದಲ್ಲವೆ ನಾವೆಲ್ಲರೂ ನಂಬುವುದನ್ನು ಕಲಿತದ್ದು?

ಶ್ರೋತೃಗಳೇ, ಚಳ್ಳಕೆರೆ ಸೀಮೆಯ ಕುರುಬನಿಗೆ ಮಳೆ ತರಿಸುವ ಶಕ್ತಿಯಿಲ್ಲ; ಇದ್ದಿದ್ದರೆ ಅವನು ಅಲೆಯಬೇಕಾಗಿರಲಿಲ್ಲ. ದೇವರಿಗೆ ಆ ಶಕ್ತಿಯಿದೆಯೆಂದೇ ಭಕ್ತನ ನಂಬಿಕೆ. ಆದುದರಿಂದಲೇ ಅವನ ದುಃಖ ಹೆಚ್ಚಿನದು, ಅವನ ಪ್ರಶ್ನೆಯೂ ಹರಿತವಾದುದು. ಅದಕ್ಕೆ ಪೂರ್ಣ ಸಮಾಧಾನ ನನ್ನಲ್ಲಿಲ್ಲ. ಇಷ್ಟನ್ನು ಮಾತ್ರ ಕಂಡಿದ್ದೇನೆ: ಬರ ಬಿದ್ದ ವರ್ಷ ಕುರುಬ ಮಂದೆಯನ್ನು ಬಿಟ್ಟು ಮನೆ ಸೇರುವುದಿಲ್ಲ. ಆ ವರ್ಷವೇ ಅವನು ಅದರೊಡನೆ ಹೆಚ್ಚು ದೂರ ನಡೆಯುತ್ತಾನೆ. ರಾತ್ರಿ ಬಯಲಿನಲ್ಲಿ, ಕುರಿಗಳ ನಡುವೆಯೇ, ಕಂಬಳಿ ಹಾಸಿ ಮಲಗುತ್ತಾನೆ.