ಕಾರು ಬೆಳಿಗ್ಗೆ ‘ಕೀಂಯ್’ ಅಂತಿದ್ಯಾ? ಬ್ಯಾಟರಿ ಬದಲಿಸೋ ಮೊದಲು ಬೆಲ್ಟ್ ನೋಡಿ

ಭಂಡಿಗಡಿ: ಮಳೆ ಹಿಡಿದ ಮೇಲೆ ನಮ್ಮ ಕಡೆ ದಿನಾ ಬೆಳಿಗ್ಗೆ ಕೇಳೋ ಸದ್ದು ಇದು. ಶೆಡ್‌ನಲ್ಲಿ ನಿಂತಿದ್ದ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚುತ್ತೆ, ಎರಡು ನಿಮಿಷಕ್ಕೆ ಸುಮ್ಮನಾಗುತ್ತೆ. ‘ಥಂಡಿಗೆ ಹಾಗಾಗೋದು’ ಅಂತ ಬಿಟ್ಟುಬಿಡ್ತೀವಿ. ಸ್ವಲ್ಪ ದಿನಕ್ಕೆ ಹೆಡ್‌ಲೈಟ್ ಮಂಕಾಗುತ್ತೆ. ಆಮೇಲೊಂದು ದಿನ ಕೀ ತಿರುಗಿಸಿದ್ರೆ ಬರೀ ‘ಟಕ್’. ಹೊಸ ಬ್ಯಾಟರಿ ಹಾಕಿಸಿದ್ರೂ ಒಂದು ವಾರಕ್ಕೆ ಮತ್ತದೇ ಕಥೆ. ನಮ್ಮ ಮನೆ ಗಾಡಿಯಲ್ಲೂ ಹೀಗೇ ಆಗಿತ್ತು. ಕೊನೆಗೆ ನೋಡಿದ್ರೆ ತಪ್ಪಿದ್ದದ್ದು ಸಡಿಲವಾದ ಬೆಲ್ಟ್‌ನಲ್ಲಿ.

ಸದ್ದಿಗೂ ಚಾರ್ಜಿಗೂ ಏನು ಸಂಬಂಧ?

ಎಂಜಿನ್ ತಿರುಗಿದಾಗ ರಬ್ಬರ್ ಬೆಲ್ಟ್ ಆಲ್ಟರ್ನೇಟರನ್ನು ತಿರುಗಿಸುತ್ತೆ. ಬ್ಯಾಟರಿಗೆ ಚಾರ್ಜ್ ಕೊಡೋದು, ಲೈಟು-ವೈಪರ್ ನಡೆಸೋದು ಅದೇ. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ಖರ್ಚಾದದ್ದನ್ನು ತುಂಬೋಕೆ ಮೊದಲ ಕೆಲವು ನಿಮಿಷ ಆಲ್ಟರ್ನೇಟರ್ ಮೇಲೆ ಭಾರ ಜಾಸ್ತಿ. ಬೆಲ್ಟ್ ಸಡಿಲವಾಗಿದ್ರೆ, ಸವೆದಿದ್ರೆ, ಒದ್ದೆಯಾಗಿದ್ರೆ ಪುಲಿ ಮೇಲೆ ಜಾರುತ್ತೆ. ಆ ಜಾರೋ ಸದ್ದೇ ಕೀಂಯ್. ಭಾರ ಇಳಿದು ಬೆಲ್ಟ್ ಒಣಗಿದಾಗ ಸದ್ದು ನಿಲ್ಲುತ್ತೆ, ಆದರೆ ರೋಗ ಹೋಗಿರಲ್ಲ.

ಮನೆಯಲ್ಲೇ ನೋಡೋದು ಹೇಗೆ?

1. ಎಂಜಿನ್ ಆಫ್ ಮಾಡಿ, ಕೀ ತೆಗೆದು, ತಣಿದ ಮೇಲೆ ನೋಡಿ. ಓಮ್ನಿಯಾದ್ರೆ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಬೆಲ್ಟ್ ಬಿರುಕು ಬಿಟ್ಟಿದ್ಯಾ, ಅಂಚು ಕಿತ್ತಿದ್ಯಾ, ಪಕ್ಕ ಕನ್ನಡಿ ಹಾಗೆ ಹೊಳೀತಿದ್ಯಾ ನೋಡಿ. ಹಾಗಿದ್ರೆ ಬದಲಿಸಬೇಕು. ಎಣ್ಣೆ ತಾಗಿದ್ರೆ ಮೊದಲು ಸೋರಿಕೆ ನಿಲ್ಲಿಸಬೇಕು.

2. ಹಳೇ ಮಾದರಿಯ ವಿ-ಬೆಲ್ಟ್ ಆದ್ರೆ ಎರಡು ಪುಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿಂದ ಒತ್ತಿ. ಸುಮಾರು 6ರಿಂದ 10 ಮಿ.ಮೀ. ಬಗ್ಗಿದ್ರೆ ಸರಿ. ಒಂದಿಂಚು ಬಗ್ಗಿದ್ರೆ ಸಡಿಲ. ವಿಪರೀತ ಬಿಗಿ ಮಾಡಿದ್ರೂ ಆಲ್ಟರ್ನೇಟರ್, ವಾಟರ್ ಪಂಪ್ ಬೇರಿಂಗ್ ಹೋಗುತ್ತೆ.

3. ಎಂಜಿನ್ ಓಡುವಾಗ ದೂರದಿಂದ ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಹೆಚ್ಚಾದ್ರೆ ಬೆಲ್ಟ್ ಸಡಿಲ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದ್ರೆ ಪುಲಿ ನೇರ ಇಲ್ಲ. ಸದ್ದು ಬದಲಾಗದೇ ಗರಗರ ಅಂತಿದ್ರೆ ಬೇರಿಂಗ್ ಮೇಲೆ ಅನುಮಾನ. ಈ ಹೊತ್ತಲ್ಲಿ ಶಾಲು, ಸೆರಗು, ಕೈ ಹತ್ತಿರ ಬರಬಾರದು.

4. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹತ್ತಬೇಕು, ಸ್ಟಾರ್ಟ್ ಆದಾಗ ಆರಬೇಕು. ಆರದಿದ್ರೆ ಚಾರ್ಜಿಂಗ್ ತೊಂದರೆ. ಮೊದಲಿಗೇ ಹತ್ತದಿದ್ರೂ ಬಲ್ಬ್, ವೈರಿಂಗ್ ತೋರಿಸಿ.

ಮೀಟರ್ ಏನು ಹೇಳುತ್ತೆ?

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ಟರ್ಮಿನಲ್‌ಗೆ ಹಿಡಿಯಿರಿ.

• ರಾತ್ರಿಯೆಲ್ಲಾ ನಿಂತ ಗಾಡಿ: 12.6 ಇದ್ರೆ ಫುಲ್, 12.2 ಅಂದ್ರೆ ಅರ್ಧ, 12ಕ್ಕಿಂತ ಕಡಿಮೆ ಇದ್ರೆ ಖಾಲಿ.
• ಎಂಜಿನ್ ಓಡುವಾಗ: 13.8ರಿಂದ 14.5 ಇರಬೇಕು.
• ಲೈಟು, ವೈಪರ್, ಬ್ಲೋವರ್ ಹಾಕಿ ಸ್ವಲ್ಪ ರೇಸ್ ಮಾಡಿದಾಗಲೂ 13ಕ್ಕಿಂತ ಕೆಳಗೆ ಇದ್ರೆ ಚಾರ್ಜ್ ಸಾಲ್ತಿಲ್ಲ.
• 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದ್ದು ಹಾಳಾಗುತ್ತೆ.

ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಳಿಸುತ್ತೆ. ಸ್ಮಾರ್ಟ್ ಹೈಬ್ರಿಡ್ ಕಾರಾದ್ರೆ ಬೆಲ್ಟಿಗೂ ಕೈ ಹಾಕ್ಬೇಡಿ, ಸರ್ವಿಸ್‌ನಲ್ಲೇ ತೋರಿಸಿ.

ಬೆಲ್ಟ್ ಸರಿ ಇದ್ದೂ ಚಾರ್ಜ್ ಇಲ್ವಾ? ಟರ್ಮಿನಲ್‌ನಲ್ಲಿ ಬಿಳಿ-ಹಸಿರು ಪುಡಿ ಕೂತಿದ್ಯಾ, ಅರ್ಥ್ ವೈರ್ ತುಕ್ಕು ಹಿಡಿದಿದ್ಯಾ, ಇಲಿ ವೈರ್ ಕಡಿದಿದ್ಯಾ ನೋಡಿ. ಆಮೇಲೆ ಆಲ್ಟರ್ನೇಟರ್ ಬ್ರಷ್, ಡಯೋಡ್ ಮಾತು. ಅಂಗಡಿಯವರು ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ ಅರ್ಧ ಕಿ.ಮೀ. ಓಡಿಸಿದ್ರೂ ಬ್ಯಾಟರಿ ತುಂಬಲ್ಲ. ವಾರಕ್ಕೊಮ್ಮೆ ಕೊಪ್ಪಕ್ಕೋ ಶೃಂಗೇರಿಗೋ ಒಂದು ಓಟ ಒಳ್ಳೇದು.

ಇವು ಬೇಡ

ಬೆಲ್ಟಿಗೆ ಸೋಪು, ಗ್ರೀಸ್ ಹಚ್ಚಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ‘ಟೆಸ್ಟ್’ ಮಾಡೋ ಹಳೇ ಅಭ್ಯಾಸವೂ ಬೇಡ. ಇಸಿಎಂ ಸುಟ್ಟರೆ ಖರ್ಚು ಬ್ಯಾಟರಿಗಿಂತ ಎಷ್ಟೋ ಜಾಸ್ತಿ.

ಘಾಟಿ ಇಳಿಯೋ ಮೊದಲು

ನಮ್ಮಲ್ಲಿ ಎಷ್ಟೋ ಜನ ರಾತ್ರೋರಾತ್ರಿ ರೋಗಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗ್ತಾರೆ. ಮಳೆ, ಮಂಜು, ಹೇರ್‌ಪಿನ್ ತಿರುವು. ಲೈಟು, ವೈಪರ್ ಎರಡೂ ಬೇಕೇ ಬೇಕು. ಚಾರ್ಜ್ ನಿಂತರೆ ಸಣ್ಣ ಕಾರಿನ ಬ್ಯಾಟರಿ ಇಷ್ಟು ಭಾರ ಹೊತ್ತು ಹೆಚ್ಚು ಹೊತ್ತು ತಾಳಲ್ಲ. ಹಲವು ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತೆ, ತುಂಡಾದ್ರೆ ಎಂಜಿನ್ ಕಾದು ಕೂರುತ್ತೆ. ಕೆಲವು ಹಳೇ ಡೀಸೆಲ್ ಜೀಪುಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆಯೇ ಇರುತ್ತೆ. ಅಲ್ಲಿ ಬೆಲ್ಟ್ ಹೋದ್ರೆ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ.

ದಾರಿಯಲ್ಲಿ ಬ್ಯಾಟರಿ ದೀಪ ಹತ್ತಿದ್ರೆ ಎಸಿ, ಬ್ಲೋವರ್, ಹಾಡು ಆಫ್ ಮಾಡಿ. ಜೊತೆಗೆ ಟೆಂಪರೇಚರ್ ಮುಳ್ಳು ಏರ್ತಿದ್ರೆ ಅಲ್ಲೇ ಬದಿಗೆ ನಿಲ್ಲಿಸಿ. ಏರದಿದ್ರೆ ಎಂಜಿನ್ ಆಫ್ ಮಾಡದೇ ಹತ್ತಿರದ ಪೇಟೆಗೆ ಹೋಗಿ, ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಘಾಟಿ ಮಾತ್ರ ಇಳಿಯಬೇಡಿ.

ಹೊಸ ಬೆಲ್ಟ್ ಹಾಕಿಸಿದ್ರೆ ಹಳೇದು ಚೆನ್ನಾಗಿದ್ದಲ್ಲಿ ಬಿಸಾಡಬೇಡಿ, ಡಿಕ್ಕಿಯಲ್ಲಿರಲಿ. ಕಾಡಿನ ದಾರಿಯಲ್ಲಿ ಉಪಯೋಗಕ್ಕೆ ಬರುತ್ತೆ.